ಹಳೆ ನೆಗೆಟಿವ್‌ನಲ್ಲಿರುವುದು ಯಾವ ಊರು, ಯಾವ ವರ್ಷ? ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ನಮ್ಮ ಮನೆಯ ಅಟ್ಟದಲ್ಲಿ ದೊಡ್ಡಪ್ಪನ ಒಂದು ತಗಡಿನ ಟ್ರಂಕ್ ಇತ್ತು. ಅದರೊಳಗೆ ಬಿಸ್ಕೆಟ್ ಡಬ್ಬಿಗಳು, ಡಬ್ಬಿಗಳ ತುಂಬ ನೆಗೆಟಿವ್‌ಗಳು. ಹೆಚ್ಚಿನದ್ದರ ಪ್ರಿಂಟ್ ಎಲ್ಲೂ ಇಲ್ಲ. ಅವನ್ನು ಒಂದೊಂದಾಗಿ ಗುರುತಿಸುತ್ತಾ ಹೋದ ಮೇಲೆ ನೆಂಟರು, ನೆರೆಯವರು, ಅವರ ಪರಿಚಯದವರು ತಮ್ಮ ಡಬ್ಬಿಗಳನ್ನೂ ತರಲು ಶುರು ಮಾಡಿದರು. ಎಲ್ಲರೂ ಕೇಳುವುದು ಸಾಧಾರಣ ಇವೇ ಪ್ರಶ್ನೆಗಳು.

ಡಬ್ಬಿ ಸಿಕ್ಕಿದೆ. ಮೊದಲು ಏನು ಮಾಡಬೇಕು?

ಏನೂ ಮಾಡಬೇಡಿ. ನಿಜವಾಗಿ ಹೇಳ್ತೇನೆ, ಹೆಚ್ಚಿನ ಹಾಳು ಆಗುವುದು ಮೊದಲ ಅರ್ಧ ಗಂಟೆಯಲ್ಲಿ. ಉಮೇದಿನಲ್ಲಿ ಎಲ್ಲವನ್ನೂ ಮೇಜಿನ ಮೇಲೆ ಸುರಿದು, ಚೆನ್ನಾಗಿ ಕಾಣುವುದನ್ನೆಲ್ಲ ಒಂದು ಕಡೆ, ಉಳಿದದ್ದನ್ನು ಇನ್ನೊಂದು ಕಡೆ ಮಾಡಿಬಿಡುತ್ತೇವೆ. ಅಲ್ಲಿಗೆ ಯಾವ ನೆಗೆಟಿವ್ ಯಾವುದರ ಜೊತೆ ಇತ್ತು ಎಂಬುದೇ ಹೋಯಿತು. ಜೊತೆಯಲ್ಲಿದ್ದದ್ದು ದೊಡ್ಡ ಸುಳಿವು. ಒಂದೇ ಕವರಿನಲ್ಲಿ ಎಂಟು ಇದ್ದರೆ ಅವು ಹೆಚ್ಚಾಗಿ ಒಂದೇ ರೋಲಿನವು. ಎಂಟರಲ್ಲಿ ಒಂದರ ವರ್ಷ ಗೊತ್ತಾದರೂ ಉಳಿದ ಏಳಕ್ಕೆ ದಾರಿ ಸಿಕ್ಕಿತು.

ಡಬ್ಬಿ ತೆರೆದ ಕೂಡಲೇ ಅದು ಇದ್ದ ಹಾಗೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ. ಕವರಿನ ಮೇಲೆ ಪೆನ್ಸಿಲಿನಲ್ಲಿ ಏನಾದರೂ ಬರೆದಿದ್ದರೆ ಅದರ ಫೋಟೋ ಬೇರೆ. ಹರಿದ ಕವರ್ ಅಂತ ಎಸೆಯಬೇಡಿ. ನಮ್ಮ ಟ್ರಂಕಿನಲ್ಲಿ ಒಂದು ಕವರಿನ ಮೇಲೆ ಬರೀ 'ಸಣ್ಣಕ್ಕ, ಕಾಪು' ಎಂದಿತ್ತು. ಆ ಎರಡು ಮಾತಿನಿಂದ ಹನ್ನೆರಡು ಚಿತ್ರಗಳಿಗೆ ಊರು ಸಿಕ್ಕಿತು.

ಹುಳಿ ವಾಸನೆ ಬರ್ತಾ ಉಂಟು. ಹಾಳಾಗಿದೆಯಾ?

ವಿನೆಗರ್ ತರಹ ವಾಸನೆ ಬಂದರೆ ಅದು ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್, ಕೊಳೆಯಲು ಶುರುವಾಗಿದೆ ಎಂದರ್ಥ. ಅದು ಪಕ್ಕದಲ್ಲಿ ಇದ್ದವಕ್ಕೂ ಹರಡುತ್ತದೆ. ಬೇರೆ ಡಬ್ಬಿಗೆ ಹಾಕಿ, ಅದನ್ನೇ ಮೊದಲು ಸ್ಕ್ಯಾನ್ ಮಾಡಿಸಿ.

ಹಳದಿಯಾಗಿ ಅಂಟಂಟಾದ, ಅಥವಾ ಕಂದು ಪುಡಿ ಉದುರುತ್ತಿರುವ ಫಿಲ್ಮ್ ಆದರೆ ಎಚ್ಚರ ಬೇಕು. ಅದು ನೈಟ್ರೇಟ್ ಎಂಬ ಹಳೆ ಬಗೆಯ ಫಿಲ್ಮ್ ಆಗಿರಬಹುದು. ನೈಟ್ರೇಟ್ ಫಿಲ್ಮಿಗೆ ಬೇಗ ಬೆಂಕಿ ಹಿಡಿಯುತ್ತದೆ, ಹಿಡಿದರೆ ನೀರಿಗೂ ಆರುವುದಿಲ್ಲ. ಕೊಡಾಕ್ ಕಂಪನಿ ಅದನ್ನು ಮಾಡುವುದನ್ನು 1950ರ ಹೊತ್ತಿಗೆ ನಿಲ್ಲಿಸಿತು. ಆಮೇಲಿನ ಫಿಲ್ಮಿನ ಅಂಚಿನಲ್ಲಿ 'ಸೇಫ್ಟಿ' ಎಂಬ ಇಂಗ್ಲಿಷ್ ಪದ ಇರುತ್ತದೆ. ಹಾಗೆ ಬರೆದದ್ದು ಕಂಡರೆ ನಿಶ್ಚಿಂತೆ. ಅನುಮಾನದ್ದನ್ನು ಗಾಳಿಯಾಡುವ ಜಾಗದಲ್ಲಿ ಬೇರೆಯಾಗಿ ಇಡಿ, ಬಲ್ಬಿನ ಹತ್ತಿರ, ದೇವರ ದೀಪದ ಹತ್ತಿರ ತರಲೇ ಬೇಡಿ.

ಲೈಟ್ ಬಾಕ್ಸ್ ಇಲ್ಲ, ನೋಡುವುದು ಹೇಗೆ?

ಒಂದು ಫೋನಿನಲ್ಲಿ ಬರೀ ಬಿಳಿ ಪರದೆ ತಂದು ಬ್ರೈಟ್‌ನೆಸ್ ಪೂರ್ತಿ ಮಾಡಿ. ನೆಗೆಟಿವ್ ಅನ್ನು ಅದರಿಂದ ಎರಡು ಬೆರಳು ಮೇಲೆ ಹಿಡಿಯಿರಿ, ಪರದೆಗೆ ತಾಗಿಸಿದರೆ ಚುಕ್ಕಿಗಳು ಕಾಣುತ್ತವೆ. ಇನ್ನೊಂದು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಣ್ಣ ತಿರುಗಿಸುವ ಆಯ್ಕೆ, ಕಲರ್ ಇನ್ವರ್ಷನ್, ಇರುತ್ತದೆ. ಅದನ್ನು ಹಾಕಿ ಕ್ಯಾಮೆರಾ ತೆರೆದರೆ ಚಿತ್ರ ಪಾಸಿಟಿವ್ ಆಗಿ ಕಾಣುತ್ತದೆ. ಎಪ್ಪತ್ತು ವರ್ಷ ಕತ್ತಲಲ್ಲಿದ್ದ ಮುಖ ಒಮ್ಮೆಲೇ ಎದ್ದು ಬರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಮೈ ಜುಂ ಅನ್ನುತ್ತದೆ.

ಗುರುತಿಸುವುದಕ್ಕಾಗಿ ಸ್ಕ್ಯಾನ್ ಮಾಡಿಸುವುದಾದರೆ 35 ಎಂಎಂ ಫಿಲ್ಮಿಗೆ 2400 ಡಿಪಿಐಗಿಂತ (ಇಂಚಿಗೆ ಅಷ್ಟು ಚುಕ್ಕಿ) ಕಡಿಮೆ ಬೇಡ. ಬೋರ್ಡಿನ ಅಕ್ಷರ ಓದಲಿಕ್ಕಾಗಬೇಕು, ಅಷ್ಟೇ ಮುಖ್ಯ. ಮತ್ತೆ ಅಂಚು ಸೇರಿಸಿ ಸ್ಕ್ಯಾನ್ ಮಾಡಲು ಹೇಳಿ. ಹೆಚ್ಚಿನವರು ಚಿತ್ರದಷ್ಟನ್ನೇ ಮಾಡಿ ಕೊಡುತ್ತಾರೆ, ಅಂಚಿನ ಬರಹವೆಲ್ಲ ಹೋಗುತ್ತದೆ.

ಚಿತ್ರ ಎಡ ಬಲ ತಿರುಗಿದೆಯೋ ಸರಿ ಇದೆಯೋ ಹೇಗೆ ಗೊತ್ತಾಗುತ್ತದೆ?

ಇದನ್ನು ಮೊದಲೇ ನೋಡದಿದ್ದರೆ ಊರು ಗುರುತಿಸುವ ಕೆಲಸ ಪೂರ್ತಿ ದಾರಿ ತಪ್ಪುತ್ತದೆ. ಒಂದು ಬೀದಿಯ ಚಿತ್ರವನ್ನು ಹಿಡಿದುಕೊಂಡು ನಾನು ಎರಡು ವಾರ ಉಡುಪಿಯ ಗಲ್ಲಿ ಗಲ್ಲಿ ಸುತ್ತಿದ್ದೇನೆ. ಬಲಕ್ಕೆ ತಿರುಗುವ ರಸ್ತೆ, ಮೂಲೆಯಲ್ಲಿ ಮಾಡಿನ ಅಂಗಡಿ, ಎಲ್ಲೂ ಹೊಂದುತ್ತಿರಲಿಲ್ಲ. ಕೊನೆಗೆ ಚಿತ್ರದಲ್ಲಿದ್ದ ಅಜ್ಜರ ಮೈಮೇಲಿನ ಜನಿವಾರ ನೋಡಿದೆ. ಬಲ ಹೆಗಲಿನಿಂದ ಇಳಿದಿತ್ತು! ಶ್ರಾದ್ಧದ ಹೊತ್ತಲ್ಲದೆ ಯಾರೂ ಹಾಗೆ ಹಾಕುವುದಿಲ್ಲ ಅಲ್ವಾ. ತಿರುಗಿಸಿದೆ, ರಸ್ತೆ ಎಡಕ್ಕೆ ತಿರುಗಿತು, ಜಾಗ ಅದೇ ದಿನ ಸಿಕ್ಕಿತು.

ನಿಯಮ ಸುಲಭ. ನೆಗೆಟಿವ್‌ನ ಒಂದು ಮೈ ಹೊಳೆಯುತ್ತದೆ, ಇನ್ನೊಂದು ಮಂಕಾಗಿರುತ್ತದೆ. ಮಂಕಾದದ್ದು ಎಮಲ್ಷನ್, ಚಿತ್ರ ಇರುವುದು ಅಲ್ಲಿ. ಹೊಳೆಯುವ ಮೈ ನಿಮ್ಮ ಕಡೆಗೆ ಇದ್ದರೆ ಚಿತ್ರ ಸರಿಯಾಗಿ ಕಾಣುತ್ತದೆ, ಅಂಚಿನ ಅಕ್ಷರಗಳನ್ನೂ ಸರಿಯಾಗಿ ಓದಬಹುದು. ಬರೀ ಸ್ಕ್ಯಾನ್ ಕೈಗೆ ಬಂದಿದ್ದರೆ ಗಂಡಸರ ಅಂಗಿಯ ಕಿಸೆ ನೋಡಿ, ಅದು ಎಡ ಎದೆಯ ಮೇಲೆ. ಸೀರೆಯ ಸೆರಗು ಸಾಮಾನ್ಯವಾಗಿ ಎಡ ಹೆಗಲಿಗೆ, ವಾಚು ಎಡಗೈಗೆ. ಜನಿವಾರ ಎಡ ಹೆಗಲಿನಿಂದ ಬಲ ಸೊಂಟಕ್ಕೆ.

ಫಿಲ್ಮ್ ನೋಡಿ ವರ್ಷ ಹೇಳಲಿಕ್ಕೆ ಆಗ್ತದಾ?

ಸರಿಯಾಗಿ ಒಂದು ವರ್ಷ ಅಂತ ಆಗುವುದಿಲ್ಲ. ಆದರೆ 'ಇದಕ್ಕಿಂತ ಮೊದಲು ಸಾಧ್ಯವೇ ಇಲ್ಲ' ಎಂದು ಧೈರ್ಯವಾಗಿ ಹೇಳಬಹುದು. ಇಡೀ ಕೆಲಸ ನಿಂತಿರುವುದು ಇದರ ಮೇಲೆಯೇ. ಚಿತ್ರದಲ್ಲಿ ಮತ್ತು ಫಿಲ್ಮಿನಲ್ಲಿ ಇರುವ ಅತಿ ಹೊಸ ವಸ್ತು ಯಾವುದು ನೋಡಿ, ಚಿತ್ರ ಅದಕ್ಕಿಂತ ಈಚಿನದು. ಆಮೇಲೆ ಕೆಡವಿದ, ನಿಂತುಹೋದ ವಸ್ತು ಯಾವುದು ನೋಡಿ, ಚಿತ್ರ ಅದಕ್ಕಿಂತ ಹಿಂದಿನದು. ಎರಡೂ ಕಡೆಯಿಂದ ಒತ್ತುತ್ತಾ ಬಂದರೆ ವರ್ಷ ನಡುವೆ ಸಿಕ್ಕಿಬೀಳುತ್ತದೆ.

ದೊಡ್ಡ ಚೌಕದ ನೆಗೆಟಿವ್, ಆರು ಸೆಂಟಿಮೀಟರ್ ಉದ್ದ ಅಷ್ಟೇ ಅಗಲ, ರೋಲಿಗೆ ಹನ್ನೆರಡು ಚಿತ್ರ ಇದ್ದರೆ ಅದು 120 ಫಿಲ್ಮ್. ಇದು 1901ರಿಂದ ಇವತ್ತಿನವರೆಗೂ ಇದೆ, ಹಾಗಾಗಿ ಅಳತೆಯೊಂದೇ ಸಾಲದು. ಆದರೆ ನಮ್ಮ ಕಡೆಯ ಮನೆಗಳಲ್ಲಿ ಈ ಚೌಕಗಳು ಸಿಕ್ಕರೆ ಹೆಚ್ಚಾಗಿ ಆಗ್ಫಾ ಕ್ಲಿಕ್ ತರಹದ ಸಾದಾ ಕ್ಯಾಮೆರಾದವು. ಉದ್ದನೆಯ ಆರು-ಒಂಬತ್ತು ಅಳತೆಯದ್ದು, ರೋಲಿಗೆ ಎಂಟು ಬರುವುದು, ಬಾಕ್ಸ್ ಕ್ಯಾಮೆರಾದ್ದು ಇರಬಹುದು. ಎರಡೂ ಬದಿಗೆ ತೂತಿನ ಸಾಲು ಇರುವ 35 ಎಂಎಂ ಫಿಲ್ಮ್ ಈಗಿನ ಡಬ್ಬಿಯಲ್ಲಿ ಬಂದದ್ದು 1934ರಲ್ಲಿ. ಒಂದು ಚಿತ್ರಕ್ಕೆ ಒಂದೇ ತೂತು ಇರುವ ಸಣ್ಣ ಚೌಕ ಆದರೆ 126 ಕಾರ್ಟ್ರಿಜ್, 1963ರ ನಂತರ. ಬೆರಳಿನ ಉಗುರಿನಷ್ಟೇ ಇರುವ ಚಿತ್ರ 110, ಅದು 1972ರ ನಂತರ. ಗಲ್ಫಿನಿಂದ ಬಂದವರು ತಂದ ಸಣ್ಣ ಉದ್ದನೆಯ ಕ್ಯಾಮೆರಾ ನೆನಪುಂಟಲ್ಲ, ಅದರ ಫಿಲ್ಮು ಇದೇ.

ಈಗ ಅಂಚು. ಭೂತಗನ್ನಡಿ ಹಿಡಿದು ಓದಿ. 'ಇಂದು' ಎಂಬ ಹೆಸರಿದ್ದರೆ ಅದು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯದ್ದು. ಅಲ್ಲಿ ತಯಾರಿ ಶುರುವಾದದ್ದು 1967ರಲ್ಲಿ. 'ಆರ್ವೊ' ಎಂದಿದ್ದರೆ ಪೂರ್ವ ಜರ್ಮನಿಯ ಫಿಲ್ಮ್, ಆ ಹೆಸರು ಬಂದದ್ದು 1964ರಲ್ಲಿ. ನಮ್ಮ ಸ್ಟುಡಿಯೋದವರು ಅದನ್ನು ತುಂಬಾ ಬಳಸಿದ್ದಾರೆ. ಅಂಚಿನಲ್ಲಿ ಬಾರ್‌ಕೋಡ್ ತರಹದ ಗೆರೆಗಳು ಇದ್ದರೆ 1983ರ ನಂತರದ್ದು. ಕಿತ್ತಳೆ ಬಣ್ಣದ ನೆಗೆಟಿವ್ ಎಂದರೆ ಕಲರ್. ಕಲರ್ ಮೊದಲೂ ಇತ್ತು, ಆದರೆ ನಮ್ಮ ಮದುವೆ ಮನೆಗಳಿಗೆ ಅದು ಜಾಸ್ತಿಯಾಗಿ ಬಂದದ್ದು 80ರ ದಶಕದಲ್ಲಿ.

ಒಂದು ಮಾತು ನೆನಪಿರಲಿ. ಫಿಲ್ಮ್ ಕೊಂಡವರು ಅದೇ ವರ್ಷ ತೆಗೆದಿರಬೇಕು ಎಂದಿಲ್ಲ. ಕ್ಯಾಮೆರಾದಲ್ಲಿ ಅರ್ಧ ರೋಲು ಇಟ್ಟು ಮುಂದಿನ ಜಾತ್ರೆಗೆ ಕಾದವರು ಎಷ್ಟೋ ಜನ. ಒಂದೇ ರೋಲಿನಲ್ಲಿ ಮಗುವಿನ ತೊಟ್ಟಿಲೂ ಅದೇ ಮಗು ನಡೆಯುವುದೂ ಎರಡೂ ಇರುತ್ತವೆ.

ಗಾಜಿನ ಪ್ಲೇಟ್ ಸಿಕ್ಕಿದೆ. ನೂರು ವರ್ಷದ್ದಾ?

ಇರಬಹುದು, ಇಲ್ಲದೆಯೂ ಇರಬಹುದು. ಅಂಗಡಿಯಲ್ಲಿ ಸಿಗುವ ಒಣ ಪ್ಲೇಟುಗಳು 1880ರ ದಶಕದಿಂದ ಬಳಕೆಗೆ ಬಂದವು, ಆದರೆ ಸ್ಟುಡಿಯೋಗಳು ಫಿಲ್ಮ್ ಬಂದ ಮೇಲೂ ಎಷ್ಟೋ ವರ್ಷ ಗಾಜನ್ನೇ ನೆಚ್ಚಿಕೊಂಡಿದ್ದವು. ಗಾಜು ಎಂದ ಕೂಡಲೇ ಬ್ರಿಟಿಷರ ಕಾಲ ಎಂದು ಬರೆದಿಡಬೇಡಿ. ಚಿತ್ರದಲ್ಲಿ ಏನಿದೆ ನೋಡಿ. ಒಂದರ ಮೇಲೊಂದು ಪೇರಿಸಬೇಡಿ, ನೆಟ್ಟಗೆ ನಿಲ್ಲಿಸಿ ಇಡಿ.

ಮುತ್ತಜ್ಜನ ನೆಗೆಟಿವ್ ಸೇಫ್ಟಿ ಫಿಲ್ಮಿನಲ್ಲಿದೆ, ಆದರೆ ಅವರು ಅದಕ್ಕೆ ಮೊದಲೇ ತೀರಿಹೋಗಿದ್ದರು. ಹೇಗೆ ಸಾಧ್ಯ?

ಅದು ಕಾಪಿ ನೆಗೆಟಿವ್. ಗೋಡೆಗೆ ಹಾಕಲು ದೊಡ್ಡ ಫೋಟೋ ಬೇಕೆಂದು ಮನೆಯವರು ಹಳೆ ಪ್ರಿಂಟ್ ಒಯ್ದು ಕೊಡುತ್ತಿದ್ದರು, ಸ್ಟುಡಿಯೋದವರು ಅದರ ಫೋಟೋ ತೆಗೆದು ಹೊಸ ನೆಗೆಟಿವ್ ಮಾಡುತ್ತಿದ್ದರು. ಅಂಚಿನಲ್ಲಿ ಕಾಗದದ ಮೂಲೆ, ಮಡಿಸಿದ ಗೆರೆ, ಗುಂಡುಸೂಜಿ ಕಾಣುತ್ತದೆ. ಎಷ್ಟೋ ಸಲ ಗುಂಪು ಚಿತ್ರದಿಂದ ಒಬ್ಬರನ್ನೇ ತೆಗೆದು, ಸುತ್ತಲಿನ ಜಾಗಕ್ಕೆ ಕೆಂಪು ಬಣ್ಣ ಹಚ್ಚಿ ಮುಚ್ಚಿರುತ್ತಾರೆ. ಪಕ್ಕದವರ ಹೆಗಲಿನ ತುದಿ ಮಾತ್ರ ಉಳಿದಿರುತ್ತದೆ. ಇಂಥದ್ದಕ್ಕೆ ಎರಡು ವರ್ಷ ಬರೆಯಬೇಕು: ಮೂಲ ಫೋಟೋದ್ದು ಒಂದು, ಕಾಪಿಯದ್ದು ಒಂದು.

ನೆಗೆಟಿವ್ ಮೂಲೆಯಲ್ಲಿ ನಂಬರ್ ಗೀಚಿದ್ದಾರೆ. ಅದೇನು?

ಸ್ಟುಡಿಯೋದ ರಿಜಿಸ್ಟರ್ ನಂಬರ್. ರಿಪೀಟ್ ಪ್ರಿಂಟ್ ಬೇಕಾದಾಗ ಹುಡುಕಲಿಕ್ಕೆ. ರಿಜಿಸ್ಟರ್ ಉಳಿದಿದ್ದರೆ ಹೆಸರು, ತಾರೀಕು ಎರಡೂ ಸಿಗುತ್ತದೆ. ರಿಜಿಸ್ಟರ್ ಇಲ್ಲದಿದ್ದರೂ ನಂಬರಿನ ಕ್ರಮವೇ ಸಾಕು. ತಾರೀಕು ಗೊತ್ತಿರುವ ಎರಡು ಮದುವೆಗಳ ನಂಬರ್ ಸಿಕ್ಕರೆ ನಡುವಿನವೆಲ್ಲ ಆ ಎರಡು ತಾರೀಕಿನ ನಡುವಿನವು. ಊರಿನ ಹಳೆ ಸ್ಟುಡಿಯೋ ಮುಚ್ಚುತ್ತಾ ಇದ್ದರೆ ದಯವಿಟ್ಟು ಹೋಗಿ ಆ ಪುಸ್ತಕ ಕೇಳಿ. ರದ್ದಿಗೆ ಹೋಗುವ ಮೊದಲು.

ಉಡುಪಿಯ ಪರ್ಯಾಯದ ಚಿತ್ರ ಇದೆ. ಯಾವ ವರ್ಷದ್ದು ಎಂದು ಗೊತ್ತುಮಾಡಬಹುದಾ?

ನಮ್ಮ ಜಿಲ್ಲೆಯ ಪುಣ್ಯ, ನಮಗೆ ಇಂಥದ್ದೊಂದು ಕ್ಯಾಲೆಂಡರ್ ಇದೆ! ಎರಡು ವರ್ಷಕ್ಕೊಮ್ಮೆ, ಜನವರಿ 18ಕ್ಕೆ, ಕೃಷ್ಣ ಪೂಜೆಯ ಅಧಿಕಾರ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಕ್ರಮ ಬದಲಾಗುವುದಿಲ್ಲ: ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ. ಎಂಟು ಮಠ, ಎರಡೆರಡು ವರ್ಷ, ಒಂದು ಸುತ್ತಿಗೆ ಹದಿನಾರು ವರ್ಷ. ಹಾಗಾಗಿ ಕಮಾನಿನ ಮೇಲೆ ಯಾವ ಮಠದ ಹೆಸರಿದೆ ಎಂದು ಓದಲಿಕ್ಕಾದರೆ ಸಾಕು. ಪೇಜಾವರ ಎಂದಿದ್ದರೆ 1952, 1968, 1984, 2000 ಅಥವಾ 2016. ಪಲಿಮಾರು ಎಂದರೆ 1954, 1970, 1986, 2002, 2018. ಅದಮಾರು ಅದಕ್ಕೆ ಎರಡು ಕೂಡಿಸಿ. ಹೀಗೇ ಲೆಕ್ಕ ಹಾಕುತ್ತಾ ಹೋಗಬಹುದು. ಹದಿನಾರು ವರ್ಷದಲ್ಲಿ ಬಟ್ಟೆ, ಬಸ್ಸು, ಫಿಲ್ಮ್ ಎಲ್ಲಾ ಬದಲಾಗಿರುತ್ತದೆ, ಆದ್ದರಿಂದ ಆ ನಾಲ್ಕೈದರಲ್ಲಿ ಯಾವುದು ಎಂದು ಆರಿಸುವುದು ಕಷ್ಟವಲ್ಲ.

ನಮ್ಮ ಟ್ರಂಕಿನ ಒಂದು ರೋಲ್ ಹೇಳ್ತೇನೆ. ಹನ್ನೆರಡು ಚೌಕಗಳು. ಮೊದಲನೆಯದರಲ್ಲಿ ಜಗಲಿಯ ಮೇಲೆ ಮಕ್ಕಳು. ನಾಲ್ಕನೆಯದರಲ್ಲಿ ಮಧ್ವ ಸರೋವರದ ಹತ್ತಿರ ಸೌದೆಯನ್ನು ತೇರಿನ ಆಕಾರಕ್ಕೆ ಪೇರಿಸಿದ ಕಟ್ಟಿಗೆ ರಥ. ಅದು ಕಂಡರೆ ಪರ್ಯಾಯ ಹತ್ತಿರ ಇದೆ ಎಂದು ಲೆಕ್ಕ. ಆರನೆಯದರಲ್ಲಿ ಬಟ್ಟೆ ಸುತ್ತಿದ ಕಮಾನು, ಅಕ್ಷರ ಅರ್ಧ ಮರೆ, 'ಜಾವರ' ಅಷ್ಟೇ ಕಾಣುತ್ತದೆ. ಫಿಲ್ಮಿನ ಅಂಚಿನಲ್ಲಿ ಆರ್ವೊ. ಅಂದರೆ 1964ರ ನಂತರ, 1952 ಹೋಯಿತು. ಪೂರ್ವ ಜರ್ಮನಿಯೇ ಇಲ್ಲದ 2000, 2016 ಕೂಡ ಹೋದವು. ಉಳಿದದ್ದು 1968 ಮತ್ತು 1984. ಒಂಬತ್ತನೆಯದರಲ್ಲಿ ಒಂದು ಬಸ್ಸು ನಿಂತಿದೆ, ನಂಬರ್ ಮೈಸೂರು ಕಾಲದ್ದು, 'ಎಂವೈ'ಯಿಂದ ಶುರು. ಆದರೆ ಹಳೆ ಬಸ್ಸು ಎಷ್ಟು ವರ್ಷವಾದರೂ ಓಡುತ್ತದೆ, ಅದನ್ನು ನಂಬಿ ತೀರ್ಮಾನಿಸಲಿಲ್ಲ. ಬಸ್ಸಿನ ಹಿಂದೆ ಸುಣ್ಣ ಹೊಡೆದ ಗೋಡೆ, ಗೋಡೆಯ ಮೇಲೆ ನೊಗ ಹೊತ್ತ ಜೋಡೆತ್ತು, 1969ರವರೆಗಿನ ಕಾಂಗ್ರೆಸ್ ಚಿಹ್ನೆ. ಅಲ್ಲಿಗೆ ಮುಗಿಯಿತು. ಜನವರಿ 1968. ಜಗಲಿಯ ಮೇಲೆ ಚಡ್ಡಿ ಇಲ್ಲದೆ ನಿಂತ ಪುಟ್ಟ ಹುಡುಗ ನಮ್ಮ ಚಿಕ್ಕಪ್ಪ, ಹುಟ್ಟಿದ್ದು 66ರಲ್ಲಿ. ಲೆಕ್ಕ ಕೂಡಿತು.

ತೇರಿನ ಚಿತ್ರಗಳನ್ನು ಪರ್ಯಾಯ ಎಂದು ತಪ್ಪು ತಿಳಿಯಬೇಡಿ. ರಥಬೀದಿಯಲ್ಲಿ ಮೂರು ತೇರು ಒಟ್ಟಿಗೆ ಕಂಡರೆ ಅದು ಮಕರ ಸಂಕ್ರಾಂತಿಯ ಉತ್ಸವ, ಪ್ರತಿ ವರ್ಷ ಜನವರಿಯಲ್ಲಿ ಬರುವುದು. ಅದರಿಂದ ತಿಂಗಳು ಸಿಗುತ್ತದೆ, ವರ್ಷ ಸಿಗುವುದಿಲ್ಲ. ಹುಲಿವೇಷ ರಥಬೀದಿಯಲ್ಲಿ ಕಂಡರೆ ವಿಟ್ಲಪಿಂಡಿ ಇರಬೇಕು, ಅಷ್ಟಮಿಯ ಮರುದಿನ. ಮಂಗಳೂರಿನ ಬೀದಿಯ ಹುಲಿಗಳಾದರೆ ದಸರಾ.

ಮಂಗಳೂರಿನ ಬೀದಿ ಎಂದು ಅನಿಸ್ತದೆ. ಎಲ್ಲಿಂದ ಶುರು ಮಾಡಲಿ?

ಎತ್ತರದಿಂದ. ಬೀದಿಯ ಅಂಗಡಿಗಳು ಬದಲಾಗಿವೆ, ಗುಡ್ಡಗಳು ಬದಲಾಗಿಲ್ಲ. ಬಾವುಟಗುಡ್ಡೆಯ ದೀಪಸ್ತಂಭ, ಅದರ ಪಕ್ಕ 1880ರಲ್ಲಿ ಶುರುವಾದ ಅಲೋಶಿಯಸ್ ಕಾಲೇಜು, ರೊಸಾರಿಯೊ ಇಗರ್ಜಿಯ ಗುಮ್ಮಟ. ಇವು ಹಿನ್ನೆಲೆಯಲ್ಲಿ ಎಲ್ಲಾದರೂ ತಲೆ ಎತ್ತಿವೆಯಾ ನೋಡಿ. ಯಾವುದರ ಎಡಕ್ಕೆ ಯಾವುದು ಇದೆ ಎಂದು ನೋಡಿದರೆ ಫೋಟೋ ತೆಗೆದವರು ಎಲ್ಲಿ ನಿಂತಿದ್ದರು ಎಂದು ತಿಳಿಯುತ್ತದೆ. ಆ ಜಾಗಕ್ಕೆ ಹೋಗಿ ನಿಲ್ಲಿ. ಮನೆಯಲ್ಲಿ ಕೂತು ಸಿಗದ್ದು ಅಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ.

ಹಂಪನಕಟ್ಟೆಯ ಗಡಿಯಾರ ಗೋಪುರ ಒಳ್ಳೆಯ ಗುರುತು. ಹಳೆಯದನ್ನು 60ರ ದಶಕದಲ್ಲಿ ಕಟ್ಟಿದರು, 90ರ ದಶಕದಲ್ಲಿ ಕೆಡವಿದರು, ಈಗ ಇರುವುದು ಹೊಸತು. ಕುದ್ರೋಳಿ ಗೋಕರ್ಣನಾಥ ದೇವಸ್ಥಾನ 1912ರದ್ದು, ಆದರೆ ಈಗಿನ ಎತ್ತರದ ಗೋಪುರದ ರೂಪ 1991ರ ನವೀಕರಣದ್ದು. ಗೋಪುರ ಇದ್ದರೆ ಅದರ ಈಚಿನ ಚಿತ್ರ. ಪಣಂಬೂರಿನಲ್ಲಿ ದೊಡ್ಡ ಹಡಗು, ಕ್ರೇನು ಕಂಡರೆ ನವಮಂಗಳೂರು ಬಂದರು. ಅದು ಉದ್ಘಾಟನೆಯಾದದ್ದು 1975ರಲ್ಲಿ. ಹಾಯಿಯ ಮಂಜಿಗಳು (ಸರಕಿನ ದೋಣಿಗಳು) ಸಾಲಾಗಿ ನಿಂತಿದ್ದರೆ ಹಳೆ ಬಂದರು. ಬಜಪೆಯಲ್ಲಿ ವಿಮಾನ ಇಳಿಯಲು ಶುರುವಾದದ್ದು 1951ರಲ್ಲಿ.

ರೈಲಿನ ಚಿತ್ರ ಇದ್ದರೆ ಇನ್ನೂ ಸುಲಭ. ಮಂಗಳೂರಿಗೆ ರೈಲು 1907ರಲ್ಲೇ ಬಂತು. ಹಾಸನದ ದಾರಿ 1979ರಲ್ಲಿ. ಉಡುಪಿಗೆ ಮಾತ್ರ 1993ರವರೆಗೆ ಕಾಯಬೇಕಾಯಿತು. ಹಾಗಾಗಿ 'ನಮ್ಮ ಅಜ್ಜ ಉಡುಪಿ ಸ್ಟೇಷನ್‌ನಲ್ಲಿ, 1960' ಎಂದು ಯಾರಾದರೂ ಬರೆದಿಟ್ಟಿದ್ದರೆ ಒಂದೋ ಊರು ತಪ್ಪು, ಇಲ್ಲ ವರ್ಷ ತಪ್ಪು. ಮಣಿಪಾಲ ಆದರೆ ಮರಗಳನ್ನು ನೋಡಿ. ಬೋಳು ಮುರಕಲ್ಲು ಗುಡ್ಡ, ಅಲ್ಲಲ್ಲಿ ಒಂದೊಂದು ಕಟ್ಟಡ ಎಂದರೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದ 1953ರ ಆಸುಪಾಸು.

ಬೋರ್ಡು, ದರಪಟ್ಟಿ, ನಂಬರ್ ಪ್ಲೇಟ್‌ಗಳಿಂದ ಏನು ತಿಳಿಯುತ್ತದೆ?

ತುಂಬಾ. ಮುಖ ನೋಡುವ ಮೊದಲು ನಾನು ಅಕ್ಷರ ಹುಡುಕುತ್ತೇನೆ.

ಹೋಟೆಲಿನ ದರಪಟ್ಟಿಯಲ್ಲಿ ಆಣೆ ಇದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗೆ ಮೊದಲು. 'ನಯಾ ಪೈಸೆ' ಇದ್ದರೆ 1957ರಿಂದ 1964ರ ಒಳಗೆ, ಆಮೇಲೆ 'ನಯಾ' ಹೋಗಿ ಬರೀ ಪೈಸೆ ಆಯಿತು. ಹಳೆ ಬೋರ್ಡನ್ನು ಒಂದೆರಡು ವರ್ಷ ಹಾಗೇ ಬಿಟ್ಟಿರಬಹುದು, ಅಷ್ಟು ಸಡಿಲ ಇಟ್ಟುಕೊಳ್ಳಿ. ವಿಳಾಸದ ಕೊನೆಗೆ 575001 ಅಥವಾ 576101 ಎಂದಿದ್ದರೆ 1972ರ ಆಗಸ್ಟ್ 15ರ ನಂತರ, ಪಿನ್ ಕೋಡ್ ಬಂದದ್ದು ಅವತ್ತು.

ರಾಜ್ಯದ ಹೆಸರು ನೋಡಿ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮೈಸೂರು, 1973ರ ನವೆಂಬರ್ 1ರಿಂದ ಕರ್ನಾಟಕ. 'ಉಡುಪಿ ಜಿಲ್ಲೆ' ಎಂದು ಬರೆದ ಬೋರ್ಡು 1997ರ ಆಗಸ್ಟ್‌ಗೆ ಮೊದಲು ಇರಲಿಕ್ಕೆ ಸಾಧ್ಯವಿಲ್ಲ. ಕೆಎ 19, ಕೆಎ 20 ನಂಬರಿನ ಗಾಡಿ 1989ಕ್ಕೆ ಮೊದಲು ಇಲ್ಲ.

ಬ್ಯಾಂಕಿನ ಬೋರ್ಡುಗಳಂತೂ ನಮ್ಮ ಕಡೆ ಹೆಜ್ಜೆ ಹೆಜ್ಜೆಗೂ. ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್ ಹೆಸರಿನ ಮುಂದೆ 'ಲಿಮಿಟೆಡ್' ಇದ್ದರೆ 1969ರ ಜುಲೈನ ರಾಷ್ಟ್ರೀಕರಣಕ್ಕೆ ಮೊದಲು. ವಿಜಯಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಆದರೆ 1980ರ ಏಪ್ರಿಲ್‌ಗೆ ಮೊದಲು. ಈಗ ಈ ನಾಲ್ಕರಲ್ಲಿ ಮೂರರ ಹೆಸರೇ ಇಲ್ಲ. ಆ ಬೋರ್ಡುಗಳಿರುವ ಚಿತ್ರ ಸಿಕ್ಕರೆ ಜೋಪಾನ ಮಾಡಿ.

ಗೋಡೆ ಬರಹ?

ಚುನಾವಣೆಯ ಚಿಹ್ನೆ ಎಂದರೆ ತಾರೀಕಿನ ಮುದ್ರೆ ಇದ್ದ ಹಾಗೆ. ಕಾಂಗ್ರೆಸ್ಸಿನ ಜೋಡೆತ್ತು 1952ರ ಚುನಾವಣೆಯಿಂದ 1969ರಲ್ಲಿ ಪಕ್ಷ ಒಡೆಯುವವರೆಗೆ. ಹಸು-ಕರು 1971ರಿಂದ 1977. ಕೈ 1978ರಿಂದ. ಜನಸಂಘದ ದೀಪ 1977ರಲ್ಲಿ ಪಕ್ಷ ಜನತಾದಲ್ಲಿ ಸೇರುವವರೆಗೆ, ಕಮಲ 1980ರ ನಂತರ. ಆದರೆ ಗೋಡೆಯ ಬಣ್ಣ ಎರಡು ಮಳೆಗಾಲ ಕಳೆದರೂ ಉಳಿದಿರುತ್ತದೆ, ಮಾಸಿದೆಯೋ ಹೊಸತೋ ನೋಡಿ. ಸಿನಿಮಾ ಪೋಸ್ಟರ್ ಇದ್ದರೆ ಆ ಸಿನಿಮಾ ಬಿಡುಗಡೆಯಾದ ವರ್ಷ ಹುಡುಕಿ, ಚಿತ್ರ ಅದರ ನಂತರದ್ದು.

ತಿಂಗಳು ಹೇಗೆ ಹೇಳುವುದು?

ನೆರಳು ಮತ್ತು ಗದ್ದೆ, ಈ ಎರಡು.

ನೆಗೆಟಿವ್‌ನಲ್ಲಿ ನೆರಳು ಬೆಳ್ಳಗೆ ಕಾಣುತ್ತದೆ, ಮೊದಲು ಪಾಸಿಟಿವ್ ಮಾಡಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಏಪ್ರಿಲ್ 24-25ರ ಸುಮಾರಿಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ ಸೂರ್ಯ ನಡುಹಗಲು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಮ್ಮಲ್ಲಿ ನಡುಹಗಲು ಎಂದರೆ ಗಡಿಯಾರದಲ್ಲಿ ಸುಮಾರು ಹನ್ನೆರಡೂವರೆ. ಈ ಎರಡು ದಿನಗಳ ನಡುವೆ ಸೂರ್ಯ ನಮಗಿಂತ ಉತ್ತರಕ್ಕಿರುತ್ತಾನೆ, ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉಳಿದ ತಿಂಗಳು ಉತ್ತರಕ್ಕೆ. ಮನೆಯ ಬಾಗಿಲು ಯಾವ ದಿಕ್ಕಿಗೆ ಎಂದು ಗೊತ್ತಿದ್ದರೆ, ಅಂಗಳದಲ್ಲಿ ನಿಂತವರ ಗಿಡ್ಡ ನೆರಳು ನೋಡಿ ಮೇ ತಿಂಗಳ ಮದುವೆಯೋ ಡಿಸೆಂಬರ್‌ನ ಮದುವೆಯೋ ಹೇಳಬಹುದು.

ಗದ್ದೆಯಲ್ಲಿ ಗೊರಬು (ಎಲೆಯ ಮಳೆಹೊದಿಕೆ) ಹೊತ್ತು ಬಾಗಿದ ಹೆಂಗಸರು ಇದ್ದರೆ ಏಣೆಲು, ಅಂದರೆ ಮಳೆಗಾಲದ ಬೆಳೆಯ, ನಾಟಿ, ಜೂನ್-ಜುಲೈ. ಮನೆಯ ಜಗಲಿಗೆ ಮಡಲಿನ ತಟ್ಟಿ ಕಟ್ಟಿದ್ದರೆ ಮಳೆಗಾಲ. ಕಂಬಳ ಆದರೆ ನವೆಂಬರ್‌ನಿಂದ ಮಾರ್ಚ್ ಒಳಗೆ. ಮೇಳದ ಯಕ್ಷಗಾನ ಆಟ, ಭೂತಕೋಲ ಇದ್ದರೆ ದೀಪಾವಳಿಯ ನಂತರ, ಮೇ ಕೊನೆಗೆ ಬರುವ ಪತ್ತನಾಜೆಯ ಮೊದಲು. ನೆರೆ ನೀರು ಊರೊಳಗೆ ಬಂದ ಚಿತ್ರ, ಅದರಲ್ಲೂ ನೇತ್ರಾವತಿಯ ದಂಡೆಯದ್ದು ಇದ್ದರೆ 1923 ಮತ್ತು 1974 ಎರಡನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ತುಳುವಿನಲ್ಲಿ ಹಿರಿಯರು ಮಾರಿಬೊಳ್ಳ ಎನ್ನುವುದು 1923ರ ನೆರೆಗೆ.

ಕಡಲ ಕರೆಯ ಚಿತ್ರಗಳೆಲ್ಲ ಒಂದೇ ತರಹ ಕಾಣ್ತವೆ. ಹೇಗೆ ಗುರುತಿಸುವುದು?

ಬಂಡೆ ಮತ್ತು ದೀಪಸ್ತಂಭ ನೋಡಿ. ಬಂಡೆಯ ಮೇಲೆ ದೀಪಸ್ತಂಭ ಇದ್ದರೆ ಕಾಪು, 1901ರದ್ದು. ಸುರತ್ಕಲ್‌ನದು 1972ರದ್ದು. ಕಂಬಕಂಬವಾಗಿ ಎದ್ದ ಕಲ್ಲುಗಳಿದ್ದರೆ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪ. ಹತ್ತಾರು ಜನ ಸಾಲಾಗಿ ನಿಂತು ಒಂದೇ ಹಗ್ಗ ಎಳೆಯುತ್ತಿದ್ದರೆ ರಂಪಣಿ ಬಲೆ. 70ರ ದಶಕದ ಮಧ್ಯದಲ್ಲಿ ಯಂತ್ರದ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಬೇಗ ಕಡಿಮೆಯಾಯಿತು, ಹಾಗಾಗಿ ದೊಡ್ಡ ರಂಪಣಿಯ ಚಿತ್ರ ಹೆಚ್ಚಾಗಿ ಅದಕ್ಕೆ ಹಿಂದಿನದು.

ಬಟ್ಟೆ ನೋಡಿ ವರ್ಷ ಹೇಳಬಹುದಾ?

ಹುಡುಗರದ್ದು ಸ್ವಲ್ಪ ಮಟ್ಟಿಗೆ. ಬೆಲ್ ಬಾಟಮ್ ಎಂದರೆ 70ರ ದಶಕ ಎನ್ನಬಹುದು. ಅಜ್ಜಿಯರ ಸೀರೆ ನೋಡಿ ಹೇಳಲು ಹೋಗಬೇಡಿ, ಮದುವೆ ಸೀರೆಯನ್ನು ಮೊಮ್ಮಗಳ ಮದುವೆಗೂ ಉಡುತ್ತಾರೆ. ಸ್ಟುಡಿಯೋದ ಪರದೆಯ ಮೇಲಿನ ಬೆಟ್ಟ, ಸರೋವರ ನೋಡಿ ಊರು ಹುಡುಕುವುದೂ ಬೇಡ. ಅದು ಬಣ್ಣದ ಪರದೆ.

ಮನೆಯ ಹಿರಿಯರಿಗೆ ತೋರಿಸಿದೆ, 'ಗೊತ್ತಿಲ್ಲ' ಎಂದರು. ಇನ್ನೇನು?

ನೀವು 'ಇದು ಯಾರು?' ಎಂದು ಕೇಳಿರಬೇಕು. ಹಾಗೆ ಕೇಳಿದರೆ ಪರೀಕ್ಷೆ ಕೊಟ್ಟ ಹಾಗೆ ಆಗುತ್ತದೆ, ಅವರಿಗೆ ಗಾಬರಿ. ಸುಮ್ನೆ ಪಕ್ಕದಲ್ಲಿ ಕೂತು, ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೈಯಲ್ಲಿ ಕೊಡಿ. ಮೊಬೈಲಿನಲ್ಲಿ ಬೇಡ, ಬೆರಳು ತಾಗಿದರೆ ಚಿತ್ರ ಓಡುತ್ತದೆ. ಮುಖದ ಬಗ್ಗೆ ಕೇಳಬೇಡಿ, ಸಾಮಾನಿನ ಬಗ್ಗೆ ಕೇಳಿ.

ಬಂಟ್ವಾಳ ಕಡೆಯ ಒಬ್ಬರು ಅಜ್ಜಿಗೆ ಹೀಗೇ ಒಂದು ಚಿತ್ರ ಕೊಟ್ಟೆ. ಬಾವಿಕಟ್ಟೆಯ ಮೇಲೆ ಇಬ್ಬರು ಹುಡುಗಿಯರು, ಹಿಂದೆ ಅರ್ಧ ಕಾಣುವ ದನ. ಹುಡುಗಿಯರನ್ನು ಅವರು ನೋಡಲೇ ಇಲ್ಲ.

"ಅಜ್ಜಿ, ಈ ಬಾವಿ ಯಾರ ಮನೆಯದ್ದು ಮಾರಾಯ್ರೆ?"

"ಬಾವಿ ಗೊತ್ತಿಲ್ಲ ಮಗಾ. ಇದು ಕೆಂಪಿ ಅಲ್ವಾ? ಕೊಂಬು ನೋಡು, ಒಂದು ಕೆಳಗೆ ಬಗ್ಗಿದೆ. ಕೆಂಪಿಯೇ. ಹೊಟ್ಟೆ ನೋಡು, ಗಬ್ಬ. ನೆರೆ ಬಂದ ವರ್ಷ ಕರು ಹಾಕಿದ್ದಲ್ವಾ ಅದು, ಹಟ್ಟಿಗೆ ನೀರು ಬಂದು ಗುಡ್ಡಕ್ಕೆ ಹೊಡ್ಕೊಂಡು ಹೋಗಿದ್ದೆವು..."

ಅಲ್ಲಿಂದ ಮಾತು ನಿಲ್ಲಲಿಲ್ಲ. 1974ರ ನೆರೆ. ದನ ಗಬ್ಬ ಎಂದರೆ ನೆರೆಗೆ ಮೊದಲಿನ ತಿಂಗಳುಗಳು. ಆಮೇಲೆ ಬಾವಿಯೂ ನೆನಪಾಯಿತು, ಹುಡುಗಿಯರೂ. ಇಬ್ಬರಲ್ಲಿ ಸಣ್ಣವಳು ಅವರದ್ದೇ ತಂಗಿ, ಬೇಗ ತೀರಿಕೊಂಡವಳು, ಅವಳ ಬೇರೆ ಫೋಟೋ ಮನೆಯಲ್ಲಿ ಇರಲಿಲ್ಲ. ಅಜ್ಜಿ ಪ್ರಿಂಟನ್ನು ತಿರುಗಿ ಕೊಡಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡರು. ಈ ಕೆಲಸವನ್ನು ನಾಳೆಗೆ ಇಡಬೇಡಿ ಎಂದು ನಾನು ಎಲ್ಲರಿಗೂ ಗೋಗರೆಯುವುದು ಇದಕ್ಕೇ.

ಮಾತಾಡುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರನ್ನು ಕೇಳಿಯೇ ಮಾಡಿ. ಬೇರೆ ಬೇರೆಯವರನ್ನು ಬೇರೆ ಬೇರೆಯಾಗಿ ಕೇಳಿ. ನಾಲ್ಕು ಜನ ಒಟ್ಟಿಗೆ ಕೂತರೆ ಜೋರಾಗಿ ಹೇಳಿದವರದ್ದೇ ಸರಿ ಆಗಿಬಿಡುತ್ತದೆ.

ಸ್ಕ್ಯಾನ್ ಮಾಡಿಸಲು ಅಂಗಡಿಗೆ ಕೊಡಬಹುದಾ?

ಕೊಡಬಹುದು, ಆದರೆ 'ಕತ್ತರಿಸಬೇಡಿ, ತೊಳೆಯಬೇಡಿ, ಕ್ರಮ ಬದಲಿಸಬೇಡಿ' ಎಂದು ಬರೆದು ಕೊಡಿ. ನಾನು ಒಂದು ಸಲ ಬಾಯಲ್ಲಿ ಮಾತ್ರ ಹೇಳಿ ಕೊಟ್ಟೆ. ಟ್ರೇಗೆ ಹಿಡಿಯುವುದಿಲ್ಲ ಎಂದು ಆರು ಚಿತ್ರದ ಪಟ್ಟಿಯನ್ನು ಒಂದೊಂದಾಗಿ ಕತ್ತರಿಸಿ ಒಂದೇ ಕವರಿಗೆ ತುಂಬಿ ಕೊಟ್ಟರು. ಅಂಚಿನ ಫ್ರೇಮ್ ನಂಬರ್ ಉಳಿದಿತ್ತು ಎಂದು ಮತ್ತೆ ಜೋಡಿಸಲಿಕ್ಕಾಯಿತು. ಕೊಡುವ ಮೊದಲು ಪ್ರತಿಯೊಂದು ಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಮಳೆಗಾಲದಲ್ಲಿ ಹೇಗೆ ಕಾಪಾಡುವುದು?

ನಮ್ಮ ಊರಿನ ಶತ್ರು ಬೂಷ್ಟು. ಎಮಲ್ಷನ್ ಎಂದರೆ ಜಿಲೆಟಿನ್, ಬೂಷ್ಟಿಗೆ ಅದು ಊಟ. ಏಪ್ರಿಲ್-ಮೇಯಲ್ಲಿ ಒಣ ದಿನ ನೋಡಿ, ಬಟರ್ ಪೇಪರ್ ಕವರುಗಳಿಗೆ ಹಾಕಿ, ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿ. ವಿನೆಗರ್ ವಾಸನೆಯದ್ದನ್ನು, ನೈಟ್ರೇಟ್ ಅನುಮಾನದ್ದನ್ನು ಮಾತ್ರ ಹೀಗೆ ಮುಚ್ಚಬೇಡಿ. ಅಟ್ಟ ಬೇಡ, ಹೆಂಚಿನ ಕೆಳಗೆ ಬೇಸಿಗೆಯ ಕಾವು ಜಾಸ್ತಿ. ಪ್ಲಾಸ್ಟಿಕ್ ಆಲ್ಬಮ್ ಬೇಡ, ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದನ್ನು ಎಳೆದು ಬಿಡಿಸಬೇಡಿ, ನೀರಿಗೂ ಹಾಕಬೇಡಿ.

ಗೊತ್ತಾದದ್ದನ್ನು ಹೇಗೆ ಬರೆದಿಡುವುದು?

ಕವರಿನ ಮೇಲೆ ಪೆನ್ಸಿಲಿನಲ್ಲಿ, ನೆಗೆಟಿವ್ ಒಳಗೆ ಹಾಕುವ ಮೊದಲು. ವರ್ಷದ ಜೊತೆ ಕಾರಣವನ್ನೂ ಬರೆಯಿರಿ. '1968' ಎಂದಷ್ಟೇ ಬರೆದರೆ ಮುಂದಿನವರಿಗೆ ಅದು ಊಹೆಯೋ ಖಾತ್ರಿಯೋ ತಿಳಿಯುವುದಿಲ್ಲ. 'ಜನವರಿ 1968, ಪೇಜಾವರ ಕಮಾನು, ಆರ್ವೊ ಫಿಲ್ಮ್, ಜೋಡೆತ್ತು' ಎಂದು ಬರೆದರೆ ನಿಮ್ಮ ಮೊಮ್ಮಕ್ಕಳು ಕೂಡ ಪರಿಶೀಲಿಸಬಹುದು. ಖಾತ್ರಿ ಇಲ್ಲದಲ್ಲಿ 'ನಂತರ', 'ಮೊದಲು' ಎಂಬ ಪದ ಬಳಸಿ.

ಏನು ಮಾಡಿದರೂ ಯಾರೆಂದು ಗೊತ್ತಾಗದ ಚಿತ್ರಗಳನ್ನು ಎಸೆಯಬಹುದಾ?

ದಯವಿಟ್ಟು ಬೇಡ. ನಮ್ಮ ಟ್ರಂಕಿನಲ್ಲಿ ಒಂದು ಚೌಕದ ನೆಗೆಟಿವ್ ಇದೆ. ಒಬ್ಬ ಹುಡುಗ ಚಾ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾನೆ, ಎರಡೂ ಕೈಯಲ್ಲಿ ಮೂರು ಮೂರು ಗ್ಲಾಸು. ದೊಡ್ಡಪ್ಪ ಯಾಕೆ ಅವನ ಫೋಟೋ ತೆಗೆದರು ಎಂದು ಮನೆಯಲ್ಲಿ ಯಾರಿಗೂ ತಿಳಿಯದು. ನಾಲ್ಕು ವರ್ಷ ಆ ಕವರಿನ ಮೇಲೆ ಏನೂ ಬರೆದಿರಲಿಲ್ಲ. ಕಳೆದ ವರ್ಷ ದೊಡ್ಡದಾಗಿ ಸ್ಕ್ಯಾನ್ ಮಾಡಿದಾಗ ಅವನ ಭುಜದ ಹಿಂದೆ ದರಪಟ್ಟಿಯ ತುದಿ ಕಂಡಿತು, 'ನ. ಪೈ.' ಎಂಬ ಅಕ್ಷರ, ಅಂದರೆ ನಯಾ ಪೈಸೆ. ಬಾಗಿಲ ಮೇಲಿನ ಮರದ ಕೆತ್ತನೆಯನ್ನು ರಥಬೀದಿಯ ಹತ್ತಿರದ ಒಬ್ಬರು ಹಿರಿಯರು ಗುರುತಿಸಿದರು. ಈಗ ಕವರಿನ ಮೇಲೆ 'ಬಡಗುಪೇಟೆ, 1957 ಮತ್ತು 1964ರ ನಡುವೆ' ಎಂದು ಬರೆದಿದ್ದೇನೆ. ಅದರ ಕೆಳಗೆ ಹೆಸರಿಗೆ ಒಂದು ಗೆರೆ ಜಾಗ ಬಿಟ್ಟಿದ್ದೇನೆ.